ಎರಡೂ ತಪ್ಪು ಸರ್

"ಯಾವುದು ಸರಿ?"

"ಎರಡೂ ತಪ್ಪು ಸರ್."

ಸೋಮವಾರದ ಗ್ರೂಪ್ ಮೀಟಿಂಗಿನ ಮಾತು. ಶುಕ್ರವಾರ ಬಂದರೂ ತಲೆಯಿಂದ ಇಳಿದಿಲ್ಲ. ಕೇಳಿದ್ದು ನಮ್ಮ ಸಂಶೋಧನೆಯ ಗೈಡ್. ಹೇಳಿದ್ದು ನಮ್ಮ ಜೂನಿಯರ್ ಹುಡುಗಿ, ಮೀಟಿಂಗಿನಲ್ಲಿ ಬಾಯಿ ಬಿಡುವುದೇ ಅಪರೂಪ.

ಪೈಪಿನಲ್ಲಿ ನೀರು ಸುಳಿಸುಳಿಯಾಗಿ ಹರಿಯುವುದನ್ನು ಲೆಕ್ಕ ಹಾಕುವ ಕೋಡ್ ನಮ್ಮದು. ಅದನ್ನು, ಲೆಕ್ಕವನ್ನು ಹಂಚಿಕೊಂಡು ಮಾಡುವ 64 ಕಂಪ್ಯೂಟರ್ ಕೋರ್‌ಗಳಲ್ಲಿ ಒಮ್ಮೆ, 128 ಕೋರ್‌ಗಳಲ್ಲಿ ಇನ್ನೊಮ್ಮೆ ಓಡಿಸಿದ್ದಳು. ಅದೇ ಕೋಡ್, ಅದೇ ಇನ್‌ಪುಟ್. ಮೊದಮೊದಲು ಉತ್ತರ ಒಂದೇ. ಆಮೇಲೆ ಕೊನೆಯ ಅಂಕಿಗಳು ಬೇರೆಯಾದವು. ಕಡೆಗೆ ನೋಡಿದರೆ ಒಂದು ಚಿತ್ರದಲ್ಲಿ ಸುಳಿ ಇರುವ ಕಡೆ ಇನ್ನೊಂದರಲ್ಲಿ ಏನೂ ಇಲ್ಲ!

"ಬಗ್ ಇರಬೇಕು" ಅಂದ ನಮ್ಮ ಸೀನಿಯರ್. ಅವನಿಗೆ ಬೇರೆಯವರ ಕೋಡಿನಲ್ಲಿ ಯಾವಾಗಲೂ ಬಗ್ ಕಾಣುತ್ತದೆ. ತನ್ನದರಲ್ಲಿ ಬರೀ ಬಣ್ಣಬಣ್ಣದ ವಿಡಿಯೋ.

ಬಗ್ ಅಲ್ಲ. ಕಂಪ್ಯೂಟರ್ ಸಂಖ್ಯೆ ಇಟ್ಟುಕೊಳ್ಳುವ ಡಬಲ್ ಪ್ರಿಸಿಷನ್ ರೂಪದಲ್ಲಿ ಹೆಚ್ಚು ಕಡಿಮೆ 16 ಅಂಕಿಗಳಿಗಷ್ಟೇ ಜಾಗ. 1ರ ಮುಂದೆ 16 ಸೊನ್ನೆ ಹಾಕಿ, ಅದಕ್ಕೆ 1 ಕೂಡಿಸಿ, ಮತ್ತೆ ಆ ದೊಡ್ಡ ಸಂಖ್ಯೆಯನ್ನೇ ಕಳೆಯಿರಿ. 0 ಬರುತ್ತದೆ. ಮೊದಲು ಕಳೆದು ಆಮೇಲೆ 1 ಕೂಡಿಸಿದರೆ 1. ಕೋರ್‌ಗಳು ಜಾಸ್ತಿಯಾದರೆ ಕೂಡುವ ಸರದಿ ಬದಲಾಗುತ್ತದೆ. ಅಷ್ಟೇ ಸಾಕು, ಆ ಚೂರು ವ್ಯತ್ಯಾಸವನ್ನು ದೊಡ್ಡದು ಮಾಡುವುದನ್ನು ಸುಳಿಗಳು ನೋಡಿಕೊಳ್ಳುತ್ತವೆ. 1961ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ತನ್ನ ಹವಾಮಾನದ ಲೆಕ್ಕಕ್ಕೆ 0.506127ರ ಬದಲು 0.506 ಕೊಟ್ಟಾಗಲೂ ಆಗಿದ್ದು ಇದೇ. ಮೊದಲು ಹಳೆಯ ದಾರಿಯಲ್ಲೇ ಹೋದ ಲೆಕ್ಕ, ಆಮೇಲೆ ಬೇರೆಯದೇ ಹವೆ ತೋರಿಸಿತು.

"ಎರಡೂ ತಪ್ಪು ಸರ್" ಎಂದವಳು ಅಲ್ಲಿಗೆ ನಿಲ್ಲಿಸಲಿಲ್ಲ. "ಸುಳಿ ಎಲ್ಲಿದೆ ಅಂತ ಕೇಳಬೇಡಿ. ಸರಾಸರಿ ವೇಗ ಕೇಳಿ. ಎರರ್ ಬಾರ್ ಒಳಗೆ, ಅಂದರೆ ಉತ್ತರ ಇಷ್ಟರಿಂದ ಇಷ್ಟರೊಳಗೆ ಅನ್ನುವ ಅಂತರದೊಳಗೆ, ಎರಡೂ ಕೂಡಿಕೊಳ್ಳುತ್ತವೆ." ಲೆಕ್ಕಕ್ಕಾಗಿ ಪೈಪನ್ನು ತುಂಡು ತುಂಡಾಗಿ ಹಂಚುವ ಗ್ರಿಡ್ ಇನ್ನಷ್ಟು ಸಣ್ಣದು ಮಾಡಿಯೂ ನೋಡಿದ್ದಳು. ಗೈಡ್ ಪೆನ್ನು ಕೆಳಗಿಟ್ಟರು.

ಇದಕ್ಕೆ ಅವಳ ಒಂದಿಡೀ ಸೆಮಿಸ್ಟರ್ ಹೋಗಿದೆ. ಇದರಿಂದ ಪೇಪರ್ ಹುಟ್ಟುವುದು ಅನುಮಾನ. ಸಮಿತಿಯ ಮುಂದೆ ಕೂತರೆ "ಹೊಸದೇನು?" ಅಂತ ಕೇಳುತ್ತಾರೆ. ಹಳೆಯದನ್ನು ಎಷ್ಟು ನಂಬಬಹುದು ಅಂತ ಅಳೆದೆ ಅಂದರೆ ಗಡಿಯಾರ ನೋಡುತ್ತಾರೆ. ವಿಡಿಯೋ ತೋರಿಸಿದರೆ ಚಪ್ಪಾಳೆ. ಸಮಿತಿಯನ್ನಷ್ಟೇ ಬೈದು ಏನು ಪ್ರಯೋಜನ? ನಾಳೆ ಎಷ್ಟು ಮಳೆ ಅಂದರೆ ನಮಗೆಲ್ಲ ಒಂದೇ ಸಂಖ್ಯೆ ಬೇಕು. ಇಷ್ಟರಿಂದ ಇಷ್ಟರೊಳಗೆ ಅಂದವನಿಗೆ ವಿಷಯ ಗೊತ್ತಿಲ್ಲ ಅಂದುಕೊಳ್ಳುತ್ತೇವೆ. ಗೊತ್ತಿರುವವನೇ ಹಾಗೆ ಹೇಳುವುದು, ಅಲ್ವಾ?

ಮೀಟಿಂಗಿನ ಕೊನೆಗೆ ಗೈಡ್ ಅಂದರು: "ಇನ್ನು ಎರರ್ ಬಾರ್ ಇಲ್ಲದ ಗ್ರಾಫ್ ಯಾರೂ ತರಬೇಡಿ." ಮುಂದಿನ ಸೋಮವಾರ ಸೀನಿಯರ್ ಸರದಿ. ಮಂಗಳವಾರದಿಂದ ನಾವೆಲ್ಲ ಹಂಚಿಕೊಳ್ಳುವ ಕಂಪ್ಯೂಟರ್ ಕ್ಲಸ್ಟರಿನ ಕ್ಯೂ ತುಂಬಾ ಅವನ ಜಾಬ್‌ಗಳೇ. ನನ್ನದು ಯಾವಾಗ ಓಡುತ್ತದೋ.