ಒಂದೂ ಕಾಣದಿದ್ದರೆ ಸೊನ್ನೆ ಅಂತ ಬರೆದು ಕಳಿಸಿ

ಹವ್ಯಾಸಿಗಳು ಕಳಿಸುವ ಕೀಟಗಳ ದಾಖಲೆಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಫೋಟೊ ನೋಡಿ ಕೀಟ ಯಾವುದೆಂದು ಗುರುತಿಸಬೇಕು, ತಾರೀಖು, ಜಾಗ ತಾಳೆಯಾಗುತ್ತದೆಯೇ ನೋಡಬೇಕು, ಅನುಮಾನ ಬಂದರೆ ಕಳಿಸಿದವರನ್ನೇ ಕೇಳಬೇಕು. ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಇದು: ಅಪರೂಪದ ಚಿಟ್ಟೆಯ ಚಂದದ ಫೋಟೊಗಿಂತ ‘ಅರ್ಧ ಗಂಟೆ ಹುಡುಕಿದೆ, ಒಂದೂ ಕಾಣಲಿಲ್ಲ’ ಎನ್ನುವ ಸಾಲಿಗೆ ಎಷ್ಟೋ ಸಲ ಬೆಲೆ ಹೆಚ್ಚು.

ಜನ ಫೋಟೊ ತೆಗೆಯುವುದು ರಜೆ ಇದ್ದಾಗ, ಬಿಸಿಲಿದ್ದಾಗ. ಕಣ್ಣಿಗೆ ಬೀಳುವುದೂ ಬಣ್ಣದ ರೆಕ್ಕೆಯವೇ. ನೊಣ, ಕಣಜಗಳನ್ನು ಕೇಳುವವರು ಕಡಿಮೆ. ಹೀಗಿರುವಾಗ ಒಂದು ಕೀಟದ ದಾಖಲೆ ದುಪ್ಪಟ್ಟಾದರೆ ಹೆಚ್ಚಾದದ್ದು ಕೀಟವೋ, ಕ್ಯಾಮೆರಾ ಹಿಡಿದವರೋ? ಎಷ್ಟು ಹೊತ್ತು, ಎಲ್ಲಿ, ಹೇಗೆ ಹುಡುಕಿದರು ಅಂತ ಗೊತ್ತಿಲ್ಲದೆ ಇದಕ್ಕೆ ಉತ್ತರವಿಲ್ಲ.

ಬ್ರಿಟನ್ನಿನಲ್ಲಿ 1976ರಿಂದ ನಡೆಯುತ್ತಿರುವ ಚಿಟ್ಟೆ ಗಣತಿಯ ಕ್ರಮ ನನಗೆ ಬಹಳ ಇಷ್ಟ. ಸ್ವಯಂಸೇವಕರು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ, ಗೊತ್ತುಮಾಡಿದ ಅದೇ ದಾರಿಯಲ್ಲಿ ನಡೆಯುತ್ತಾರೆ. ಎಣಿಸುವುದು ಐದು ಮೀಟರ್ ಅಗಲದೊಳಗೆ ಬಂದವನ್ನು ಮಾತ್ರ. ಅದರಾಚೆ ಎಂಥ ಅಪರೂಪದ್ದು ಹಾರಿಹೋದರೂ ಆ ಲೆಕ್ಕಕ್ಕೆ ಸೇರದು. ಇಂಥ ಬಿಗಿ ಇರುವುದರಿಂದಲೇ ಒಂದು ವರ್ಷವನ್ನು ಇನ್ನೊಂದರ ಜೊತೆ ಹೋಲಿಸಬಹುದು.

ಇನ್ನೊಂದು ಉದಾಹರಣೆ ಜರ್ಮನಿಯ ಕ್ರೆಫೆಲ್ಡ್ ಕೀಟಶಾಸ್ತ್ರ ಸಂಘದ್ದು. ಅದರಲ್ಲಿ ಹವ್ಯಾಸಿಗಳೇ ಹೆಚ್ಚು. 1989ರಿಂದ 2016ರವರೆಗೆ 63 ಸಂರಕ್ಷಿತ ಪ್ರದೇಶಗಳಲ್ಲಿ ಮಲೇಸ್ ಬಲೆ (ಹಾರುವ ಕೀಟಗಳನ್ನು ಹಿಡಿಯುವ ಡೇರೆಯಂಥ ಬಲೆ) ಕಟ್ಟಿ, ಬಿದ್ದ ಕೀಟಗಳನ್ನು ತೂಗಿ ಬರೆದಿಟ್ಟರು. ಹಾರುವ ಕೀಟಗಳ ಒಟ್ಟು ತೂಕ 27 ವರ್ಷಗಳಲ್ಲಿ ಶೇ. 75ಕ್ಕಿಂತ ಹೆಚ್ಚು ಕುಸಿದಿದೆ ಎಂಬುದು 2017ರಲ್ಲಿ ಪ್ರಕಟವಾದಾಗ ಜಗತ್ತೇ ತಿರುಗಿ ನೋಡಿತು. ಎಲ್ಲ ಜಾಗಗಳಲ್ಲೂ ಪ್ರತಿ ವರ್ಷ ಬಲೆ ಹಾಕಿರಲಿಲ್ಲ. ಆದರೆ ಬಲೆಯ ಮಾದರಿ, ಕಟ್ಟುವ ಕ್ರಮ, ತೂಗುವ ಕ್ರಮ ಬದಲಾಗದ ಕಾರಣ ಆ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಲು ಸಾಧ್ಯವಾಯಿತು. ಸಂಬಳವಿಲ್ಲದೆ ಇಷ್ಟು ವರ್ಷ ಇಷ್ಟು ಶಿಸ್ತಿನಿಂದ ದುಡಿದವರ ಬಗ್ಗೆ ನನಗೆ ಅಪಾರ ಗೌರವ.

ಆದ್ದರಿಂದ ಹೊಸಬರಿಗೆ ನಾನು ಮೊದಲು ಹೇಳುವುದು, ದೂರದ ಕಾಡಿಗೆ ಹೋಗಬೇಕಾಗಿಲ್ಲ ಅಂತ. ಸುಲಭವಾಗಿ ಮತ್ತೆ ಮತ್ತೆ ಹೋಗಬಹುದಾದ ಒಂದು ಜಾಗ ಆರಿಸಿಕೊಳ್ಳಿ. ನೋಡಲು ಶುರುಮಾಡಿದ ಮತ್ತು ಮುಗಿಸಿದ ಹೊತ್ತು ಬರೆಯಿರಿ. ದಿನಾ ಕಾಣುವ ಕೀಟ ಅಂತ ಬಿಡಬೇಡಿ. ನಾಳೆ ಅದು ಕಡಿಮೆಯಾದರೆ ತಿಳಿಯುವುದು ಇವತ್ತಿನ ಲೆಕ್ಕದಿಂದಲೇ.

ಪರಿಶೀಲಿಸುವ ನಮ್ಮ ಮೇಲೂ ಒಂದು ಹೊಣೆ ಇದೆ. ಎಷ್ಟೋ ನೊಣ, ದುಂಬಿಗಳ ಪ್ರಭೇದವನ್ನು ಫೋಟೊದಿಂದ ಹೇಳಲಾಗದು. ಸೂಕ್ಷ್ಮದರ್ಶಕದಡಿ ಜನನಾಂಗದ ರಚನೆಯನ್ನೇ ನೋಡಬೇಕಾಗುತ್ತದೆ. ಅಂಥವನ್ನು ಕುಲದ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನ, ಮಟ್ಟದಲ್ಲೇ ನಿಲ್ಲಿಸುತ್ತೇವೆ. ಆಗ ಬರೀ ‘ತಿರಸ್ಕೃತ’ ಎಂದು ಕಳಿಸಿದರೆ ಆ ಮನುಷ್ಯ ಮತ್ತೆ ಕಳಿಸುವುದು ಅನುಮಾನ. ‘ರೆಕ್ಕೆಯ ಕೆಳಭಾಗ ಕಾಣುತ್ತಿಲ್ಲ, ಮುಂದಿನ ಸಲ ಪಕ್ಕದಿಂದಲೂ ಒಂದು ಫೋಟೊ ತೆಗೆಯಿರಿ, ಕೂತಿದ್ದ ಗಿಡದ್ದೂ ಇರಲಿ’ ಎಂದು ಕಾರಣ ಸಮೇತ ಬರೆಯಲು ಹೆಚ್ಚು ಹೊತ್ತು ಬೇಡ. ಹಾಗೆ ಉತ್ತರ ಪಡೆದವರ ಮುಂದಿನ ದಾಖಲೆಗಳಲ್ಲಿ ನಾವು ಮರುಪ್ರಶ್ನೆ ಕೇಳಬೇಕಾದ ಸಂದರ್ಭಗಳೇ ಕಡಿಮೆಯಾಗುತ್ತವೆ.