ಸುಸ್ತಾಯ್ತಾ, ಇಲ್ಲಾ ಗೊತ್ತಾಯ್ತಾ?

ಈ ವಾರ ಪೂರ್ತಿ ತಲೆಯಲ್ಲಿ ಓಡ್ತಿರೋದು ಒಂದೇ ಪ್ರಶ್ನೆ. "ಇದಕ್ಕೆ ಸುಸ್ತಾಯ್ತಾ, ಇಲ್ಲಾ ನಾನೇನೂ ಮಾಡಲ್ಲ ಅಂತ ಗೊತ್ತಾಯ್ತಾ?" ಕೇಳಿದ್ದು ಎಂಟು ವರ್ಷದ ಹುಡುಗಿ, ಮುಟ್ಟಿದರೆ ಮುನಿ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತ್ಕೊಂಡು.

ಬೆಳಗಿಂದ ಅವಳದ್ದು ಅದೇ ಕೆಲಸ. ಕೈಯಲ್ಲೊಂದು ಹುಲ್ಲಿನ ಎಸಳು, ಅದರ ತುದಿಯಿಂದ ಒಂದೇ ಎಲೆಯನ್ನ ಮೆತ್ತಗೆ ಸವರೋದು, ಮುಚ್ಕೊಂಡ್ರೆ ತೆರೆಯೋ ತನಕ ಕಾಯೋದು, ಮತ್ತೆ ಸವರೋದು. ಮೊದಮೊದಲು ತುದಿಯ ಜೋಡಿಯಿಂದ ಶುರುವಾಗಿ ಬುಡದ ಕಡೆಗೆ ಒಂದರ ಹಿಂದೆ ಒಂದು ಪಟಪಟ ಅಂತ ಮಡಚಿಕೊಳ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅರ್ಧಕ್ಕೇ ನಿಲ್ಲೋಕೆ ಶುರುವಾಯ್ತು. ಆಮೇಲೆ ಹುಲ್ಲು ಆಡಿಸಿದ್ರೂ ಎಲೆ ಸುಮ್ಮನೆ ಬಿಚ್ಕೊಂಡೇ ಇತ್ತು. ಆಗ ಕೇಳಿದ್ದು ಈ ಪ್ರಶ್ನೆ.

ಪಕ್ಕದಲ್ಲಿದ್ದ ಅವಳ ಮಾಮ ತಕ್ಷಣ ಹೇಳಿದ್ರು, "ಗಿಡಕ್ಕೇನಮ್ಮ ಗೊತ್ತಾಗತ್ತೆ, ಅದೊಂಥರ ಸ್ಪ್ರಿಂಗ್ ಇದ್ದಂಗೆ. ನೋಡಿಲ್ಲಿ" ಅಂತ ಬೆರಳಿಂದ ಆ ಎಲೆಗೆ ಜೋರಾಗಿ ಒಂದು ಹೊಡೆದ್ರು. ಅಷ್ಟೂ ಎಲೆ ಮುಚ್ಕೊಂಡು, ತೊಟ್ಟೇ ಬಾಗಿ ಕೆಳಗೆ ಬಿತ್ತು. "ಸರಿಯಾಗೇ ಇದೆ, ಏನೂ ಆಗಿಲ್ಲ" ಅಂದು ಫೋನ್ ನೋಡೋಕೆ ಹೋದ್ರು. ಒಳ್ಳೆ ಮನುಷ್ಯ, ಓದಿಕೊಂಡೋರು, ಮಕ್ಕಳಂದ್ರೆ ಪ್ರಾಣ, ಆದ್ರೆ ಮಕ್ಕಳು ಏನೇ ಕೇಳಲಿ ಎರಡು ಸೆಕೆಂಡಲ್ಲಿ ಉತ್ತರ ಕೊಟ್ಟು ಮುಗಿಸಿಬಿಡ್ಬೇಕು ಅವರಿಗೆ, ಅದು ನನಗೆ ಒಂಚೂರೂ ಇಷ್ಟ ಆಗಲ್ಲ. ಹುಡುಗಿ ಮಾತ್ರ ಬಾಗಿದ ತೊಟ್ಟನ್ನೇ ನೋಡ್ತಾ, "ಹಂಗಾದ್ರೆ ಸುಸ್ತಾಗಿರ್ಲಿಲ್ಲ" ಅಂದ್ಲು.

ಆ ಮಾತು ಕೇಳಿ ನನಗೆ ಮೈ ಜುಮ್ಮಂತು, ಯಾಕಂದ್ರೆ ಅವಳು ಕೇಳಿದ ಪ್ರಶ್ನೆ ವಿಜ್ಞಾನಿಗಳದ್ದೂ ಹೌದು, ಅವಳ ಮಾಮ ಗೊತ್ತಿಲ್ಲದೇ ಮಾಡಿದ ಪರೀಕ್ಷೆನೂ ಹೆಚ್ಚೂಕಮ್ಮಿ ಅವರದ್ದೇ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೋನಿಕಾ ಗಾಗ್ಲಿಯಾನೊ ಅನ್ನೋ ವಿಜ್ಞಾನಿ ಮತ್ತವರ ಜೊತೆಗಾರರು ಇದೇ ಗಿಡವನ್ನ ಕುಂಡದ ಸಮೇತ 15 ಸೆಂಟಿಮೀಟರ್ ಎತ್ತರದಿಂದ ಮೆತ್ತನೆ ಜಾಗಕ್ಕೆ ಪದೇ ಪದೇ ಬೀಳಿಸಿದ್ರು. ಮೊದಲು ಎಲೆ ಮುಚ್ಚಿತು, ಬೀಳ್ತಾ ಬೀಳ್ತಾ ಮುಚ್ಚೋದು ಬಿಟ್ಟಿತು. ಸುಸ್ತಾಗಿರಬಹುದಾ ಅಂತ ಅವರಿಗೂ ಅನುಮಾನ, ಅದಕ್ಕೇ ಬೇರೆ ಥರ ಅಲುಗಾಡಿಸಿ ನೋಡಿದ್ರು, ಎಲೆ ತಟ್ಟನೆ ಮುಚ್ಕೊಳ್ತು. ಶಕ್ತಿ ಇತ್ತು, ಬೀಳೋದಕ್ಕೆ ಮಾತ್ರ ಹೆದರೋದು ಬಿಟ್ಟಿತ್ತು. 28 ದಿನ ಬಿಟ್ಟು ಮತ್ತೆ ಬೀಳಿಸಿದಾಗಲೂ ಹಾಗೇ ಇತ್ತು. ಇದನ್ನ ಕಲಿಕೆ ಅಂತ ಕರೀಬಾರ್ದು ಅಂತ ವಾದ ಮಾಡೋ ಸಸ್ಯವಿಜ್ಞಾನಿಗಳೂ ಇದ್ದಾರೆ, ಮಾಡ್ಲಿ, ಹಾಗೆ ಪ್ರಶ್ನೆ ಮಾಡ್ಬೇಕು ಕೂಡ. ಅದಕ್ಕೂ ಎಷ್ಟೋ ಹಿಂದೆ ಪ್ಯಾರಿಸ್‌ನಲ್ಲಿ ದೇಫೋಂತೇನ್ ಅನ್ನೋ ಸಸ್ಯಶಾಸ್ತ್ರಜ್ಞರು ಇದೇ ಗಿಡಗಳನ್ನ ಕುದುರೆಗಾಡಿಯಲ್ಲಿಟ್ಟು ಊರು ಸುತ್ತಿಸಿದ್ರಂತೆ. ಮೊದಲ ಕುಲುಕಾಟಕ್ಕೆ ಎಲ್ಲಾ ಮುಚ್ಕೊಂಡ್ವು, ಗಾಡಿ ಕುಲುಕ್ತಾ ಇದ್ದಂಗೇ ನಿಧಾನಕ್ಕೆ ಬಿಚ್ಕೊಂಡ್ವು.

ಸ್ಪ್ರಿಂಗ್ ಅಲ್ಲ ಅದು. ಎಲೆ ಬುಡದಲ್ಲಿ, ತೊಟ್ಟಿನ ಬುಡದಲ್ಲಿ ಸಣ್ಣ ಉಬ್ಬಿರತ್ತೆ, ಕಣ್ಣಿಗೇ ಕಾಣತ್ತೆ. ಮುಟ್ಟಿದಾಗ ವಿದ್ಯುತ್ ಸಂಕೇತ ಓಡಿ ಅಲ್ಲಿಗೆ ತಲುಪತ್ತೆ, ಒಂದು ಬದಿಯ ಜೀವಕೋಶಗಳಿಂದ ಪೊಟ್ಯಾಸಿಯಂ ಕ್ಲೋರೈಡ್ ಹೊರಗೆ ಹೋಗತ್ತೆ, ಅದರ ಹಿಂದೆ ನೀರೂ ಹೋಗತ್ತೆ, ಬಿಗಿ ಕಳ್ಕೊಂಡ ಆ ಕಡೆಗೆ ಎಲೆ ವಾಲತ್ತೆ. ಮತ್ತೆ ನೀರು ತುಂಬ್ಕೊಂಡು ಏಳೋದಕ್ಕೆ ಹತ್ತು ಹದಿನೈದು ನಿಮಿಷ ಬೇಕು. ಇಷ್ಟೆಲ್ಲಾ ಯಾಕೆ ಅಂದ್ರೆ ತಿನ್ನೋಕೆ ಬರೋರಿಂದ ತಪ್ಪಿಸ್ಕೊಳ್ಳೋಕೆ. 2022ರಲ್ಲಿ ಜಪಾನಿನ ಸೈತಾಮ ವಿಶ್ವವಿದ್ಯಾಲಯದವರು ಆ ಉಬ್ಬೇ ಇಲ್ಲದ, ಅಂದ್ರೆ ಮುಚ್ಚೋಕೇ ಬರದ ಗಿಡ ಬೆಳೆಸಿ ಮಿಡತೆ ಬಿಟ್ಟು ನೋಡಿದ್ರು, ಮಾಮೂಲಿ ಗಿಡಕ್ಕಿಂತ ಅದನ್ನ ಮಿಡತೆಗಳು ಜಾಸ್ತಿ ತಿಂದ್ವು. ಹಾಗಂತ ಗಾಳಿ ಬೀಸಿದಾಗಲೆಲ್ಲಾ ಹುಲ್ಲು ತಾಗಿದಾಗಲೆಲ್ಲಾ ಮುಚ್ಕೊಂಡು ಕೂತ್ರೆ ಬಿಸಿಲು ಸಿಗಲ್ಲ, ಬಿಸಿಲಿಲ್ದೆ ಆಹಾರ ತಯಾರಾಗಲ್ಲ. ಎರಡರ ಮಧ್ಯೆ ತೂಗಿಸ್ಕೊಂಡು ಹೋಗ್ಬೇಕು ಆ ಗಿಡ, ಅದೂ ತಲೆ ಇಲ್ದೆ, ನರ ಇಲ್ದೆ, ನಿಂತ ಜಾಗದಿಂದ ಒಂದು ಹೆಜ್ಜೆ ಕದಲದೆ.

ಪ್ರಾಣಿಗಳಲ್ಲೂ ಇದೇ ಕಥೆ. ಒಂದೇ ಕಡೆ ನಿಂತ ಬೆದರುಬೊಂಬೆ ಮೇಲೆ ಕೆಲವು ದಿನ ಕಳೆದ್ರೆ ಹಕ್ಕಿಗಳೇ ಬಂದು ಕೂರುತ್ವೆ. ಅಪ್ಲೀಸಿಯಾ ಅಂತ ಒಂದು ಸಮುದ್ರದ ಹುಳ ಇದೆ, ಬಸವನಹುಳುವಿನ ಜಾತಿದು, ಅದರ ಮೈ ಮೆಲ್ಲಗೆ ಮುಟ್ಟಿದ್ರೆ ಕಿವಿರು ಒಳಗೆಳ್ಕೊಳತ್ತೆ, ಮತ್ತೆ ಮತ್ತೆ ಮುಟ್ತಾ ಇದ್ರೆ ಕಡಿಮೆ ಮಾಡತ್ತೆ. ಅದೇ ಹುಳಕ್ಕೆ ಬಾಲದ ಹತ್ತಿರ ಒಂದು ಶಾಕ್ ಕೊಟ್ರೆ ಆಮೇಲೆ ಮೆತ್ತಗೆ ಮುಟ್ಟಿದ್ರೂ ಬೆಚ್ಚಿ ಬೀಳತ್ತೆ. ನರಕೋಶಗಳ ನಡುವಿನ ಕೊಂಡಿ ಮತ್ತೆ ಮತ್ತೆ ಮುಟ್ಟಿದಾಗ ಸಡಿಲ ಆಗತ್ತೆ, ಶಾಕ್ ತಿಂದಾಗ ಗಟ್ಟಿ ಆಗತ್ತೆ, ನೆನಪು ಅಂದ್ರೆ ಅಲ್ಲಿಂದಲೇ ಶುರು ಅಂತ ತೋರಿಸಿದ ಎರಿಕ್ ಕ್ಯಾಂಡೆಲ್‌ಗೆ 2000ದಲ್ಲಿ ನೊಬೆಲ್ ಬಂತು. ನಾವು ಮಾತ್ರ ಓಡೋದು, ಮುಚ್ಕೊಳ್ಳೋದು, ಕಚ್ಚೋದು ಇದನ್ನಷ್ಟೇ ಪ್ರತಿಕ್ರಿಯೆ ಅಂತ ಲೆಕ್ಕ ಇಡ್ತೀವಿ, ಸುಮ್ಮನಿದ್ರೆ ಜಡ ಅಂತೀವಿ. ಸುಮ್ಮನಿರೋದಕ್ಕೆ ಆ ಜೀವದ ಒಳಗೆ ಎಷ್ಟು ಕೆಲಸ ನಡೆದಿರತ್ತೆ! ಗದ್ದಲದ ರಸ್ತೆ ಪಕ್ಕ ಆರಾಮಾಗಿ ಕಾಳು ಹೆಕ್ಕೋ ಪಾರಿವಾಳ ಯಾವ ಸದ್ದಿಗೆ ಹಾರಬೇಕು ಯಾವುದಕ್ಕೆ ಬೇಡ ಅಂತ ಬೇರೆ ಬೇರೆ ಮಾಡಿ ಇಟ್ಕೊಂಡಿರತ್ತೆ, ಅದೇ ಪಾರಿವಾಳ ಗಿಡುಗನ ನೆರಳು ಕಂಡ್ರೆ ಒಂದು ಕ್ಷಣ ನಿಲ್ಲಲ್ಲ.

ಮೊನ್ನೆ ಫೋನ್ ಮಾಡಿ ಇದನ್ನೆಲ್ಲಾ ಆ ಮಾಮನಿಗೆ ಹೇಳ್ದೆ. "ಇಪ್ಪತ್ತೆಂಟು ದಿನಾನಾ?" ಅಂತ ಒಂದ್ಸಲ ಕೇಳಿದ್ರು, ಆಮೇಲೆ "ಇರ್ಲಿ ಬಿಡು, ಮಗುವಿಗೆ ಇಷ್ಟೆಲ್ಲಾ ಯಾಕೆ" ಅಂದ್ರು. ಯಾಕೆ ಬೇಡ? ಅರ್ಧ ದಿನ ಒಂದೇ ಎಲೆ ಮುಂದೆ ಕೂತ ಮಗು ಅದು. ಗಾಗ್ಲಿಯಾನೊ ಪ್ರಯೋಗದಲ್ಲಿ ಇನ್ನೊಂದು ವಿಷಯ ಇತ್ತು: ಕಮ್ಮಿ ಬೆಳಕಲ್ಲಿ ಬೆಳೆದ ಗಿಡಗಳು ಜಾಸ್ತಿ ಬೆಳಕಿನ ಗಿಡಗಳಿಗಿಂತ ಬೇಗ ಮುಚ್ಚೋದು ಬಿಟ್ಟಿದ್ವು. ಸಿಗೋ ಬೆಳಕೇ ಸ್ವಲ್ಪ, ಅದನ್ನ ಸುಳ್ಳು ಹೆದರಿಕೆಗೆ ಕಳ್ಕೊಳ್ಳೋ ಹಾಗಿಲ್ಲ ಅವುಗಳಿಗೆ. ಇದನ್ನ ಅವಳಿಗೆ ಈಗ ಹೇಳೋದಿಲ್ಲ. ಎರಡು ಕುಂಡದಲ್ಲಿ ಸಸಿ ನೆಟ್ಟಿಟ್ಟಿದೀನಿ, ಒಂದು ಬಿಸಿಲಿಗೆ, ಒಂದು ನೆರಳಿಗೆ ಅಂತ ಹೇಳಿ ಎರಡೂ ಅವಳಿಗೇ ಕೊಡ್ತೀನಿ, ಹುಲ್ಲಿನ ಎಸಳು ಅವಳೇ ತಂದ್ಕೊಳ್ತಾಳೆ.