ದಿನಾ ತೋಟ ಸುತ್ತುತ್ತೇನೆ, ಮತ್ತೆ ವ್ಯಾಯಾಮ ಯಾಕೆ ಮೇಷ್ಟ್ರೇ?

ಚಿಕ್ಕಮಗಳೂರಿನಲ್ಲಿ ಪಿಟಿ ಮೇಷ್ಟ್ರಾಗಿರುವ ನನಗೆ ಮದುವೆಮನೆಯಲ್ಲಿ, ಸಂತೆಯಲ್ಲಿ, ಎಲ್ಲೇ ಸಿಕ್ಕರೂ ಜನ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಹೆಚ್ಚಿನವರು 40 ದಾಟಿದ ಕಾಫಿ ಬೆಳೆಗಾರರು. ಅವರನ್ನು ನಾನು ತಿರುಗಿ ಕೇಳುವುದು ಒಂದೇ: ತೋಟ ಸುತ್ತುವುದು ಕಾಲಲ್ಲೋ, ಬೈಕಲ್ಲೋ?

ಕಾಲಲ್ಲಾದರೆ ಅರ್ಧ ಕೆಲಸ ಮುಗಿದ ಹಾಗೆ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅದು ಜಿಮ್‌ನಲ್ಲೇ ಆಗಬೇಕೆಂದಿಲ್ಲ. ತೋಟದ ಕೆಲಸ, ಮನೆಗೆಲಸ, ಬಸ್‌ಸ್ಟ್ಯಾಂಡಿಗೆ ನಡೆದದ್ದು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಶ್ರಮ ಸಾಕಾ ಅಂತ ನೋಡಲು ಕೈಗೆ ವಾಚ್ ಕಟ್ಟಬೇಕಿಲ್ಲ. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು. ನಮ್ಮ ತೋಟಗಳ ಏರು ಹತ್ತಿದರೆ ಇದು ತಾನಾಗಿಯೇ ಆಗುತ್ತದೆ. ಕಣದವರೆಗೆ ಬೈಕಲ್ಲಿ ಹೋಗಿ, ಸುಮ್ನೆ ನಿಂತು ನೋಡಿ ಬಂದರೆ ಆಗುವುದಿಲ್ಲ.

ಕುಯ್ಲಿಗೆ ಬರುವ ಹೆಂಗಸರ ವಿಷಯವೇ ಬೇರೆ. ದಿನವಿಡೀ ಇಳಿಜಾರಿನಲ್ಲಿ ನಿಂತು ಹಣ್ಣು ಕುಯ್ದು, ಸಂಜೆ ಚೀಲ ಹೊರುವವರಿಗೆ ವಾಕಿಂಗ್ ಹೋಗಿ ಎನ್ನುವುದು ಅನ್ಯಾಯ. ಅವರಿಗೆ ಬೇಕಾದದ್ದು ಹೊಟ್ಟೆ ತುಂಬ ಊಟ, ಒಳ್ಳೆಯ ನಿದ್ದೆ, ನಡುನಡುವೆ ಬೆನ್ನು ನೆಟ್ಟಗೆ ಮಾಡಿಕೊಳ್ಳುವಷ್ಟು ಬಿಡುವು. ಚೀಲಕ್ಕೆ ಜಾಸ್ತಿ ತುಂಬಿಸಬೇಡಿ ಎಂದು ಮಾಲೀಕರಿಗೆ ನಾನು ಹೇಳುತ್ತಲೇ ಇರುತ್ತೇನೆ. ಎತ್ತುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಿಸಬೇಕು, ಚೀಲ ಮೈಗೆ ಹತ್ತಿರ ಇರಬೇಕು. ಇದನ್ನು ಯಾರೂ ಅವರಿಗೆ ಹೇಳಿಕೊಡುವುದಿಲ್ಲ ಅಲ್ವಾ?

ಇನ್ನು ಉಳಿದರ್ಧ. ನಡಿಗೆ ಹೃದಯಕ್ಕೆ, ಉಸಿರಿಗೆ ಒಳ್ಳೆಯದು. ಆದರೆ ತೋಳು, ಎದೆ, ಬೆನ್ನಿಗೆ ಅದರಿಂದ ಅಷ್ಟೇನೂ ಬಲ ಬರುವುದಿಲ್ಲ. ವಯಸ್ಸಾದಂತೆ ಮಾಂಸಖಂಡ ಕರಗುತ್ತಾ ಹೋಗುತ್ತದೆ. ನೆಲದಿಂದ ಏಳುವಾಗ ಕೈ ಊರಬೇಕಾಗುವುದು, ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿ ಮೆಟ್ಟಿಲು ಇಳಿಯುವಾಗ ತೊಡೆ ನಡುಗುವುದು, ಬಹಳ ಸಲ ಇದರಿಂದಲೇ. ಹಾಗಾಗಿ ವಾರಕ್ಕೆ ಎರಡು ದಿನವಾದರೂ ಬಲದ ವ್ಯಾಯಾಮ ಬೇಕು. ಬಸ್ಕಿ ಹೊಡೆಯಿರಿ. ಮಂಡಿ ನೋವಿದ್ದರೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರಿ, ಹತ್ತು ಸಲ. ಗೋಡೆಗೆ ಕೈ ಕೊಟ್ಟು ದಂಡ ತೆಗೆಯಿರಿ. ಸುಲಭ ಅನ್ನಿಸಿದಾಗ ಸ್ವಲ್ಪ ಹೆಚ್ಚಿಸಿ. ಹೆಚ್ಚಿಸದೆ ಅಷ್ಟನ್ನೇ ಮಾಡುತ್ತಿದ್ದರೆ ಬಲ ಅಲ್ಲಿಗೇ ನಿಲ್ಲುತ್ತದೆ.

65 ದಾಟಿದವರು ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಮಾಡಬೇಕು. ಕಿಟಕಿ ಸರಳು ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದರಿಂದ ಶುರು ಮಾಡಬಹುದು. ಪಾಚಿ ಕಟ್ಟಿದ ನಮ್ಮ ಅಂಗಳಗಳಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿಯರನ್ನು ಕಂಡಾಗೆಲ್ಲ, ಇದನ್ನು ಮೊದಲೇ ಹೇಳಿಕೊಡಬೇಕಿತ್ತು ಎಂದು ಸಂಕಟವಾಗುತ್ತದೆ.

ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ ಶುರು ಮಾಡಿ. ಎದೆ ಹಿಡಿದಂತಾದರೆ ಅಲ್ಲೇ ನಿಲ್ಲಿಸಿ, ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಇಲ್ಲಿ ನಡಿಗೆ ನಿಂತೇಹೋಗುತ್ತದೆ. ಆಗ ಜಗಲಿಯಲ್ಲೇ ಬಸ್ಕಿ, ಗೋಡೆ ದಂಡ, ಮನೆಯ ಮೆಟ್ಟಿಲು ಹತ್ತಿಳಿಯುವುದು. ಬೇಸಿಗೆಯಲ್ಲೇ ರೂಢಿ ಮಾಡಿಕೊಂಡರೆ ಮಳೆಗಾಲದಲ್ಲಿ ಬಿಟ್ಟುಹೋಗುವುದಿಲ್ಲ.